ಹುಳು ಜ್ವರಕ್ಕೆ ಕೂತ ದಿನ ಬರುತ್ತಿದ್ದವರು

“ಗರ್ಭಕೋಶ ತೆಗೆಸಿಬಿಡುತ್ತೇನೆ ಮೇಡಂ, ನೀವೊಂದು ಮಾತು ಹೇಳಿ ಸಾಕು.” ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಹೇಳುವವರಿಗೆ ಸಾಮಾನ್ಯವಾಗಿ ಮೂವತ್ತೆರಡರಿಂದ ನಲವತ್ತರೊಳಗಿನ ವಯಸ್ಸು. ಮಕ್ಕಳಾಗಿರುತ್ತವೆ, ಕುಟುಂಬ ಯೋಜನೆ ಆಪರೇಷನ್ ಆಗಿ ಹತ್ತು ಹದಿನೈದು ವರ್ಷ ಕಳೆದಿರುತ್ತದೆ. ಕೈಯಲ್ಲಿ ಸ್ಕ್ಯಾನಿಂಗ್ ವರದಿ ಇಟ್ಟ ಪ್ಲಾಸ್ಟಿಕ್ ಚೀಲ. ನನ್ನ ಬಳಿಗೆ ಬರುವ ಹೊತ್ತಿಗೆ ತೀರ್ಮಾನವೂ ಆಗಿರುತ್ತದೆ, ಸಂಘದಲ್ಲಿ ಸಾಲಕ್ಕೆ ಹೇಳಿಟ್ಟೂ ಆಗಿರುತ್ತದೆ. ನನ್ನಿಂದ ಬೇಕಿರುವುದು ಎರಡು ಧೈರ್ಯದ ಮಾತು ಅಷ್ಟೇ.

ನಾನು ಚಿಕ್ಕಬಳ್ಳಾಪುರದಲ್ಲಿ ಕೂರುವ ಆಪ್ತಸಮಾಲೋಚಕಿ, ವೈದ್ಯೆಯಲ್ಲ. ಈ ಪ್ರಕರಣವನ್ನು ಬರೆಯಲು ಕುಳಿತದ್ದು ಕಸಿವಿಸಿಯಿಂದ. ಮೊದಲ ಎರಡು ಭೇಟಿಗಳನ್ನು ನಾನೇ ಹಾಳುಮಾಡಿದ್ದೆ.

ಆಕೆ ಶಿಡ್ಲಘಟ್ಟದ ಆಚೆಯ ಒಂದು ಹಳ್ಳಿಯವರು. ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೂವತ್ತಾರು ವರ್ಷ, ಇಬ್ಬರು ಮಕ್ಕಳು. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಸಾಕುವ ಹುಳು ಮನೆ. ಗಂಡ ಹಾಲಿನ ವಾಹನ ಓಡಿಸುತ್ತಾರೆ. ಮುಟ್ಟಾದರೆ ಹತ್ತು ಹನ್ನೆರಡು ದಿನ ನಿಲ್ಲುವುದಿಲ್ಲ, ಹೆಪ್ಪು ಹೆಪ್ಪಾಗಿ ಹೋಗುತ್ತದೆ. ಜೊತೆಗೆ ಬಿಳಿ ಮುಟ್ಟು, ಸೊಂಟ ನೋವು. ರಕ್ತ ತೀರಾ ಕಡಿಮೆ, ಹಿಮೋಗ್ಲೋಬಿನ್ 7.6. ಸ್ಕ್ಯಾನಿಂಗ್‌ನಲ್ಲಿ ಎರಡೂವರೆ ಸೆಂಟಿಮೀಟರಿನ ಒಂದು ಗೆಡ್ಡೆ ಕಂಡಿತ್ತು. “ತೆಗೆಸಿಬಿಡುವುದು ಒಳ್ಳೆಯದು, ಮುಂದೆ ಕ್ಯಾನ್ಸರ್ ಆದರೆ?” ಎಂದು ಒಂದು ಕಡೆ ಹೇಳಿ ಕಳುಹಿಸಿದ್ದರು. ಗೆಡ್ಡೆ ಎಂಬ ಪದದ ಪಕ್ಕದಲ್ಲಿ ಕ್ಯಾನ್ಸರ್ ಎಂಬ ಪದವನ್ನು ಕೂರಿಸಿಬಿಟ್ಟರೆ ಮುಗಿಯಿತು, ಆಮೇಲೆ ಯಾವ ಹೆಂಗಸಿಗೂ ನಿದ್ದೆ ಬರುವುದಿಲ್ಲ. ಗರ್ಭಕೋಶದಲ್ಲಿ ಬೆಳೆಯುವ ಇಂಥ ಫೈಬ್ರಾಯ್ಡ್ ಗೆಡ್ಡೆ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಅದನ್ನು ಯಾರೂ ಆಕೆಗೆ ಹೇಳಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಗಂಡನ ಬೆನ್ನು ಹತ್ತಿದೆ. ಕುಡಿಯುತ್ತಾರೆಯೇ, ಹೊಡೆಯುತ್ತಾರೆಯೇ, ಮಲಗುವಾಗ ಬಲವಂತ ಮಾಡುತ್ತಾರೆಯೇ. ಕೇಳಲೇಬೇಕಾದ ಪ್ರಶ್ನೆಗಳು ಇವು, ಅದರಲ್ಲಿ ತಪ್ಪಿಲ್ಲ. ಆದರೆ “ಅವರು ಒಳ್ಳೆಯವರೇ ಮೇಡಂ” ಎಂಬ ಉತ್ತರ ಬಂದ ಮೇಲೂ ಅದೇ ಗೋಡೆಯನ್ನು ಕೆರೆಯುತ್ತಾ ಕೂತೆ. ಎರಡನೇ ಭೇಟಿಗೆ ನಾನು ಹೇಳಿದ ದಿನ ಆಕೆ ಬರಲೇ ಇಲ್ಲ. ಆರು ದಿನ ಬಿಟ್ಟು ಫೋನೂ ಮಾಡದೆ ಬಂದು ಬಾಗಿಲಲ್ಲಿ ನಿಂತರು. “ನಿಮ್ಮ ಆರೋಗ್ಯದ ಬಗ್ಗೆ ನಿಮಗೇ ಕಾಳಜಿ ಇಲ್ಲದಿದ್ದರೆ ನಾನೇನು ಮಾಡಲಿ?” ಎಂದುಬಿಟ್ಟೆ. ಸಮಾಲೋಚಕಿ ಆಡುವ ಮಾತಲ್ಲ. ಆಕೆ ಹೂಂ ಎಂದರು, ಕಾಲು ಗಂಟೆ ಕೂತರು, ಎದ್ದು ಹೋದರು.

ಮೂರನೇ ಸಲವೂ ಹೇಳದೆಯೇ ಬಂದರು. ಬೆರಳ ತುದಿಗಳಲ್ಲಿ ಸೊಪ್ಪಿನ ಕಪ್ಪು ಕಲೆ. ಈ ಸಲ ನಾನು ಗದರದೆ, ಇವತ್ತು ಹೇಗೆ ಬಿಡುವಾಯಿತು ಎಂದು ಕೇಳಿದೆ.

“ಹುಳು ಮೂರನೇ ಜ್ವರಕ್ಕೆ ಕೂತಿವೆ.”

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಮುಂದೆ ನೂರಾರು ಸಲ ಓಡಾಡಿದವಳು ನಾನು. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ ಎಂಬುದೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ, ಆಕೆಯೇ ಬಿಡಿಸಿ ಹೇಳಿದರು. ಒಂದು ಬೆಳೆಯಲ್ಲಿ ನಾಲ್ಕು ಜ್ವರ. ಪ್ರತಿ ಸಲವೂ ಹೆಚ್ಚುಕಡಿಮೆ ಒಂದು ದಿನ ಹುಳುಗಳು ತಲೆ ಎತ್ತಿಕೊಂಡು ಅಲುಗಾಡದೆ ನಿಲ್ಲುತ್ತವೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಮೇಲೆ ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿರುವಂತೆ ನೋಡಿಕೊಂಡರೆ ಸಾಕು. ನಾಲ್ಕನೇ ಜ್ವರ ಎದ್ದವೆಂದರೆ ಮುಂದಿನ ಏಳೆಂಟು ದಿನ ರಾಕ್ಷಸ ಹಸಿವು. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಆ ಒಂದೇ ವಾರದಲ್ಲಿ ತಿನ್ನುತ್ತವೆ. ಹಗಲು ಸೊಪ್ಪು ಕೊಯ್ಯಬೇಕು, ರಾತ್ರಿ ಎದ್ದು ಹಾಕಬೇಕು. ನಾನು ಕೊಟ್ಟಿದ್ದ ತಾರೀಖು ಸರಿಯಾಗಿ ಆ ವಾರದ ನಡುವೆ ಬಿದ್ದಿತ್ತು.

ಹೋಲಿಕೆ ಕಣ್ಣ ಮುಂದೆಯೇ ಇತ್ತು, ನನಗೂ ತಡೆಯಲಾಗಲಿಲ್ಲ. “ಹುಳುವಿಗೆ ಸಿಗುವ ಆ ಒಂದು ದಿನದ ವಿಶ್ರಾಂತಿ ನಿಮಗೂ ಬೇಕಲ್ಲವೇ?” ಎಂದೆ. ಆಕೆ ನಕ್ಕುಬಿಟ್ಟರು. “ಹುಳು ಮಲಗಿ ಎದ್ದರೆ ಗೂಡು ಕಟ್ಟುತ್ತದೆ ಮೇಡಂ. ನಾನು ಮಲಗಿದರೆ ಸೊಪ್ಪು ಹಾಕುವವರು ಯಾರು?”

ಅತ್ತೆ ಇದ್ದಾಗ ಹಾಕುತ್ತಿದ್ದರಂತೆ. ಮುಟ್ಟಾದ ಸೊಸೆ ಹುಳು ಮನೆಯ ಹೊಸ್ತಿಲು ದಾಟಬಾರದು, ಹುಳು ಕೆಡುತ್ತವೆ ಎಂಬುದು ಆ ಮನೆಯ ಕಟ್ಟುನಿಟ್ಟು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಅದೇ. ಹಾಗಾಗಿ ಆ ದಿನಗಳಲ್ಲಿ ಆಕೆ ತೋಟದಲ್ಲಿ ಸೊಪ್ಪು ಕೊಯ್ದು ತಂದು ಹೊರಗಿಡುತ್ತಿದ್ದರು, ಒಳಗಿನ ಕೆಲಸ ಅತ್ತೆಯದು. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡರು. ಗಂಡ ಬೆಳಗಿನ ಜಾವ ಹೊರಟರೆ ಬರುವುದು ಮಧ್ಯಾಹ್ನ. ಹುಳು ಹಸಿದಿರುತ್ತವೆ. ಆಕೆ ಒಳಗೆ ಹೋಗತೊಡಗಿದರು, ಯಾರಿಗೂ ಹೇಳದೆ.

ಇಲ್ಲಿಂದ ಮುಂದೆ ಆಕೆಯ ಮಾತು ಅರ್ಧ ತೆಲುಗಿಗೆ ತಿರುಗಿತು. ನಮ್ಮ ಜಿಲ್ಲೆಯಲ್ಲಿ ಲೆಕ್ಕ ಕನ್ನಡದಲ್ಲಿ ನಡೆದರೂ ಅಳು ಬರುವುದು ಅನೇಕರಿಗೆ ತೆಲುಗಿನಲ್ಲಿ. ಕಳೆದ ಶ್ರಾವಣದ ಬೆಳೆಗೆ ಸುಣ್ಣಕಟ್ಟು ಬಿತ್ತು. ಹುಳುಗಳು ಸತ್ತು, ಬೆಳ್ಳಗೆ ಗಟ್ಟಿಯಾಗಿ, ಸೀಮೆಸುಣ್ಣದ ತುಂಡುಗಳಂತೆ ಬಿದ್ದಿದ್ದವು. ಗೋರಿ ಗೋರಿ ಬುಟ್ಟಿಗೆ ತುಂಬಿ ಹೂತರು. ಗಂಡ ಏನೂ ಅನ್ನಲಿಲ್ಲ. ನಾದಿನಿ ಮಾತ್ರ, “ಏನೋ ಮೈಲಿಗೆ ತಾಕಿರಬೇಕು” ಎಂದರು. ಯಾರನ್ನೂ ಬೆರಳು ಮಾಡಿ ತೋರಿಸದೆ ಆಡಿದ ಮಾತು ಅದು. ಆಕೆಗೆ ಅಷ್ಟು ಸಾಕಾಯಿತು.

“ತಿಂಗಳಿಗೆ ಹನ್ನೆರಡು ದಿನ ನನ್ನ ಮನೆಯಲ್ಲೇ ಕಳ್ಳಿಯ ಹಾಗೆ ಹೋಗಿ ಬರುತ್ತೇನೆ. ಗರ್ಭಕೋಶ ಇದ್ದರೆ ತಾನೇ ಇದೆಲ್ಲ?”

ಗೆಡ್ಡೆ, ಕ್ಯಾನ್ಸರಿನ ಭಯ, ಸೊಂಟ ನೋವು ಎಲ್ಲವೂ ನಿಜವೇ. ಆದರೆ ಆಪರೇಷನ್ ಬೇಡಿ ನನ್ನೆದುರು ಕೂತಿದ್ದುದು ಈ ಕಳ್ಳಿ ಎಂಬ ಮಾತು. ಅದು ಯಾವ ಸ್ಕ್ಯಾನಿಂಗ್‌ನಲ್ಲೂ ಕಾಣಿಸುವುದಿಲ್ಲ.

ಮೈಲಿಗೆಯ ಬಗ್ಗೆ ಭಾಷಣ ಮಾಡಲು ನಾಲಿಗೆ ತುರಿಸಿತು. ಮಾಡಲಿಲ್ಲ. ಸುಮ್ಮನೆ ಒಂದು ಪ್ರಶ್ನೆ ಕೇಳಿದೆ, ಅದರ ಹಿಂದೆ ನನ್ನ ಯಾವ ಜಾಣತನವೂ ಇರಲಿಲ್ಲ. ಆ ಶ್ರಾವಣದಲ್ಲಿ ನಿಮ್ಮ ಬೀದಿಯಲ್ಲಿ ಇನ್ನು ಯಾರ ಬೆಳೆಗಾದರೂ ಸುಣ್ಣಕಟ್ಟು ಬಿದ್ದಿತ್ತೇ?

ಆಕೆ ಬೆರಳು ಮಡಿಸಿ ಎಣಿಸಿದರು. ನಾಲ್ಕು ಮನೆ. ಎಣಿಸಿದ ಬೆರಳುಗಳನ್ನು ಬಿಚ್ಚದೆ ಹಾಗೆಯೇ ಹಿಡಿದುಕೊಂಡು ಕೂತರು. ಹೊರಗೆ ಬಸ್ಸಿನ ಹಾರನ್ ಎರಡು ಸಲ ಕೇಳಿಸಿತು. ಆಮೇಲೆ ಮೂರನೇ ಬೆರಳನ್ನು ಬಿಚ್ಚಿ ತೋರಿಸಿ ಹೇಳಿದರು: “ಈ ಮನೆಯಲ್ಲಿ ಇರುವುದು ಅಪ್ಪ, ಮಗ, ಒಬ್ಬಳು ಮುದುಕಿ. ಅಲ್ಲಿ ಮುಟ್ಟಾಗುವವರೇ ಇಲ್ಲ ಮೇಡಂ.”

ಸುಣ್ಣಕಟ್ಟು ಶಿಲೀಂಧ್ರದಿಂದ ಬರುವ ರೋಗ, ತಂಪು ಹವೆ ಮತ್ತು ತೇವದಲ್ಲಿ ಹರಡುತ್ತದೆ, ಮಳೆಗಾಲ ಮತ್ತು ಚಳಿಗಾಲದಲ್ಲಿ ಅದರ ಕಾಟ ಹೆಚ್ಚು ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಅದಕ್ಕೂ ಮುಟ್ಟಿಗೂ ಸಂಬಂಧವಿಲ್ಲ ಎಂಬುದನ್ನೂ ಒಂದೇ ಮಾತಿನಲ್ಲಿ, ಸ್ಪಷ್ಟವಾಗಿ ಹೇಳಿದೆ. ಹೆಚ್ಚಿನದನ್ನು ರೇಷ್ಮೆ ಇಲಾಖೆಯವರು ಊರಿಗೆ ಬಂದಾಗ ಕೇಳಿ ಎಂದೆ. ನನ್ನ ಕಿರಿಯ ಸಹೋದ್ಯೋಗಿಗೆ ಇದು ಸಮಾಧಾನ ತರಲಿಲ್ಲ. “ಮೂಢನಂಬಿಕೆಯನ್ನು ಅಲ್ಲೇ ಒಡೆಯಬೇಕಿತ್ತು, ಗಂಡನನ್ನು ಕರೆಸಿ ಹೇಳಬೇಕಿತ್ತು” ಎಂದರು. ಇರಬಹುದು. ಆದರೆ ರಕ್ತವಿಲ್ಲದೆ ಮೆಟ್ಟಿಲು ಹತ್ತಲು ಏದುಸಿರು ಬಿಡುವ ಹೆಂಗಸಿನ ತಲೆಯ ಮೇಲೆ ಊರು ತಿದ್ದುವ ಹೊರೆಯನ್ನೂ ಹೊರಿಸಲು ನನಗೆ ಮನಸ್ಸಾಗಲಿಲ್ಲ. ಗಂಡನಿಗೆ ಹೇಳುವುದೂ ಬಿಡುವುದೂ ಆಕೆಗೆ ಸೇರಿದ್ದು. ಆಕೆ ಬೇಡ ಎಂದರು, ನಾನು ಬಿಟ್ಟೆ.

ಕೊಟ್ಟ ಸಲಹೆ ಇಷ್ಟು. ಮೂರು ತಿಂಗಳು ಯಾವ ತೀರ್ಮಾನವೂ ಬೇಡ, ಮೊದಲು ರಕ್ತ ಏರಲಿ. ನಾಳೆ ಆಪರೇಷನ್ನೇ ಬೇಕೆಂದಾದರೂ 7.6ರಲ್ಲಿ ಮೇಜಿನ ಮೇಲೆ ಮಲಗುವುದು ಒಳ್ಳೆಯದಲ್ಲ. ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕಂಡು ಬನ್ನಿ ಎಂದು ಹೇಳಿ, ಕೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಗೆಡ್ಡೆ ಎಲ್ಲಿದೆ, ಇಷ್ಟು ರಕ್ತ ಹೋಗಲು ಅದೇ ಕಾರಣವೇ? ಥೈರಾಯ್ಡ್ ನೋಡಿದ್ದೀರಾ? ಗರ್ಭಕೋಶದ ಒಳಪದರ ನೋಡಬೇಕೇ? ಮಾತ್ರೆಯಲ್ಲಿ ನಿಲ್ಲುವುದಿಲ್ಲವೇ? ಹಾರ್ಮೋನ್ ಇರುವ, ವಂಕಿಯಂತೆ (ಕಾಪರ್-ಟಿ) ಗರ್ಭಕೋಶದ ಒಳಗಿಡುವ ಸಾಧನ ನನಗೆ ಆಗುತ್ತದೆಯೇ? ತೆಗೆದರೆ ಅಂಡಾಶಯವನ್ನೂ ತೆಗೆಯುತ್ತೀರಾ? ಈ ಕೊನೆಯ ಪ್ರಶ್ನೆಯ ಕೆಳಗೆ ಎರಡು ಗೆರೆ ಎಳೆದೆ. ಮೂವತ್ತಾರಕ್ಕೇ ಅಂಡಾಶಯ ಹೋದರೆ ಮೂಳೆ ಸವೆಯುವುದು, ಹೃದಯದ ತೊಂದರೆ, ಮೈ ಬಿಸಿಯೇರುವುದು ಎಲ್ಲವೂ ಹತ್ತು ಹದಿನೈದು ವರ್ಷ ಮುಂಚೆ ಬಂದು ಬಾಗಿಲು ತಟ್ಟುತ್ತವೆ. ಅಂಡಾಶಯ ಉಳಿಸಿ ಗರ್ಭಕೋಶವನ್ನಷ್ಟೇ ತೆಗೆದರೂ ಕೆಲವರಿಗೆ ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳು ಬೇಗ ಬರುತ್ತವೆ.

ಕಬ್ಬಿಣದ ಮಾತ್ರೆಯನ್ನು ಆಕೆ ಹಿಂದೆ ಎರಡು ಸಲ ಶುರು ಮಾಡಿ ಬಿಟ್ಟಿದ್ದರು, ಹೊಟ್ಟೆ ಕಟ್ಟುತ್ತದೆ ಎಂದು. ನುಂಗುತ್ತಿದ್ದುದು ಬೆಳಗಿನ ಟೀ ಜೊತೆಗೆ. ಜೊತೆಗೆ ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆ ಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ, ಹೊಟ್ಟೆ ಕಟ್ಟಿದರೆ ವೈದ್ಯರಿಗೆ ಹೇಳಿ ಮಾತ್ರೆ ಬದಲಿಸಿಕೊಳ್ಳಿ, ಬಿಡಬೇಡಿ ಎಂದೆ. ಇಷ್ಟು ಸಣ್ಣ ಸಂಗತಿಯನ್ನು ಎರಡು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

ಬಿಳಿ ಮುಟ್ಟಿನ ವಿಷಯ ಬೇರೆಯೇ ಇದೆ. ಆಕೆ ಅದನ್ನು ಉಷ್ಣ ಎನ್ನುತ್ತಿದ್ದರು, ಮೂಳೆ ಕರಗಿ ಹೋಗುತ್ತಿದೆ ಎಂದು ನಂಬಿದ್ದರು. ಗೋವಾದಲ್ಲಿ ಸುಮಾರು ಎರಡೂವರೆ ಸಾವಿರ ಮಹಿಳೆಯರನ್ನು ಮಾತನಾಡಿಸಿ, ಸೋಂಕಿನ ಪರೀಕ್ಷೆಯನ್ನೂ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಿಳಿ ಮುಟ್ಟಿನ ದೂರಿಗೆ ಸೋಂಕಿಗಿಂತ ಖಿನ್ನತೆ, ಆತಂಕಗಳ ಜೊತೆಗೇ ಗಾಢವಾದ ನಂಟು ಕಂಡುಬಂದಿತ್ತು. ಇದನ್ನು ಓದಿದ ಗಂಡಂದಿರು “ನೋಡು, ಎಲ್ಲಾ ನಿನ್ನ ಮನಸ್ಸಿನದೇ” ಎಂದು ತೀರ್ಪು ಕೊಡಲು ಏಳುವುದು ಬೇಡ. ಕೆಟ್ಟ ವಾಸನೆ, ತುರಿಕೆ, ಕಿಬ್ಬೊಟ್ಟೆ ನೋವು ಇದ್ದರೆ ಪರೀಕ್ಷೆ ಆಗಲೇಬೇಕು. 7.6 ಹಿಮೋಗ್ಲೋಬಿನ್ ಯಾರ ಮನಸ್ಸಿನ ಕಲ್ಪನೆಯೂ ಅಲ್ಲ. ಒಂದೇ ಮೈಯಲ್ಲಿ ಎರಡೂ ಇರುತ್ತವೆ ಎಂಬುದನ್ನು ಒಪ್ಪಿಕೊಳ್ಳಲು ನಮಗೇಕೆ ಇಷ್ಟು ಕಷ್ಟವೋ ಕಾಣೆ. ನಿದ್ದೆ ಬಾರದ್ದಕ್ಕೆ, ಅಳುವಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಹೋಗಿ ಎಂದೆ. ಹೋಗಲಿಲ್ಲ. “ಹುಚ್ಚಿ ಎನ್ನುತ್ತಾರೆ” ಎಂದರು. ಅಲ್ಲಿ ನಾನು ಸೋತೆ.

ಇಂಥ ಸಲಹೆಗೆ ನನ್ನ ಮೇಲೆ ದೂರೂ ಇದೆ. ಬೇರೊಂದು ಪ್ರಕರಣದಲ್ಲಿ ವೈದ್ಯರೊಬ್ಬರು ಫೋನ್ ಮಾಡಿ, “ನೀವು ಆಪರೇಷನ್ ವಿರೋಧಿ, ರೋಗಿಗಳನ್ನು ಹೆದರಿಸುತ್ತೀರಿ” ಎಂದರು. ನಾನು ವಿರೋಧಿಯಲ್ಲ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಗಂಡನ ಜೊತೆ ಮಲಗಿದ ಮೇಲೆ ರಕ್ತ ಬಂದರೆ, ಗಂಟೆಗೊಂದು ಪ್ಯಾಡ್ ನೆನೆದರೆ ನನ್ನ ಬಳಿ ಬಂದು ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮೂವತ್ತು ದಾಟಿದವರಿಗೆ ಗರ್ಭಕೊರಳಿನ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಇದೆ, ಮಾಡಿಸಿಕೊಳ್ಳಿ. ತೆಗೆಯಲೇಬೇಕಾದ ಗರ್ಭಕೋಶವನ್ನು ತೆಗೆಸಿಕೊಂಡು ಹಾಯಾಗಿರುವವರನ್ನೂ ಕಂಡಿದ್ದೇನೆ. ಆದರೆ ನಮ್ಮ ಗಡಿಯಾಚೆ ಆಂಧ್ರ, ತೆಲಂಗಾಣಗಳಲ್ಲಿ ಗರ್ಭಕೋಶ ತೆಗೆಸಿಕೊಂಡವರ ಪ್ರಮಾಣ ದೇಶದ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂತು. ಬಾಗೇಪಲ್ಲಿಯ ನೆಂಟರಿಗೂ ಕದಿರಿಯ ನೆಂಟರಿಗೂ ನಡುವೆ ಬಸ್ಸು ಓಡಾಡಿದಂತೆ “ನನ್ನ ಅಕ್ಕ ತೆಗೆಸಿದಳು, ನೀನೂ ತೆಗೆಸು” ಎಂಬ ಮಾತೂ ಓಡಾಡುತ್ತದೆ. ಹಾಗಿರುವಾಗ ಒಂದು ಹೆಂಗಸು ತೆಗೆಸುತ್ತೇನೆ ಎಂದರೆ, ಯಾಕೆ ಎಂದು ಮೂರು ಸಲ ಕೇಳುವುದು ನನ್ನ ಕೆಲಸ. ಈಕೆಯ ವಿಷಯದಲ್ಲಿ ಸರಿಯಾದ ಉತ್ತರ ಬಂದದ್ದೇ ಮೂರನೇ ಸಲಕ್ಕೆ.

ಎರಡನೇ ತಜ್ಞರು ಥೈರಾಯ್ಡ್ ಸರಿಯಿದೆ, ಗೆಡ್ಡೆ ಗರ್ಭಕೋಶದ ಹೊರಬದಿಯಲ್ಲಿದೆ, ಸದ್ಯ ಅದನ್ನು ಮುಟ್ಟುವುದು ಬೇಡ ಎಂದರು. ಮುಟ್ಟಿನ ದಿನಗಳಿಗೆ ಮಾತ್ರೆ ಕೊಟ್ಟರು. ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ 10.2ಕ್ಕೆ ಬಂತು. ಈಗ ಏಳು ದಿನಕ್ಕೆ ನಿಲ್ಲುತ್ತದೆ. ಹಾರ್ಮೋನ್ ಸಾಧನದ ಬಗ್ಗೆ ಇನ್ನೂ ಮನಸ್ಸು ಮಾಡಿಲ್ಲ, ಆಪರೇಷನ್ ಬೇಡವೇ ಬೇಡ ಎಂದೂ ಹೇಳಿಲ್ಲ. ರಾತ್ರಿಯ ಸೊಪ್ಪನ್ನು ಗಂಡನೇ ಹಾಕುತ್ತಿದ್ದಾರಂತೆ. ರಕ್ತ ಕಡಿಮೆಯಿದೆ, ರಾತ್ರಿ ಏಳಬಾರದೆಂದು ಡಾಕ್ಟರ್ ಹೇಳಿದ್ದಾರೆ ಎಂದು ಆಕೆ ನನ್ನ ಮಾತನ್ನು ಡಾಕ್ಟರ ಬಾಯಿಗೆ ಹಾಕಿ ಗೆದ್ದುಕೊಂಡಿದ್ದಾರೆ. ಮುಟ್ಟಿನ ದಿನಗಳಲ್ಲಿ ಹುಳು ಮನೆಗೆ ಹೋಗುತ್ತಿರುವುದು ಗಂಡನಿಗೆ ಇನ್ನೂ ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಕೇಳುತ್ತಿಲ್ಲ.

ನನ್ನ ಡೈರಿಯಲ್ಲಿ ಆಕೆಯ ಹೆಸರಿನ ಮುಂದೆ ಈಗ ತಾರೀಖು ಬರೆಯುವುದಿಲ್ಲ. “ಮುಂದಿನ ಬೆಳೆ, ಎರಡನೇ ಜ್ವರ” ಎಂದು ಬರೆದುಕೊಂಡಿದ್ದೇನೆ. ಹುಳು ಕೂತ ದಿನ ಆಕೆ ಬೆಳಿಗ್ಗೆ ಫೋನ್ ಮಾಡುತ್ತಾರೆ.