ಜನರಲ್ ತಿಮ್ಮಯ್ಯನವರ ಅಂಚೆಚೀಟಿಯನ್ನು ಸೈಪ್ರಸ್ ಯಾಕೆ ತಂದಿತು? ನಾವು ಅವರನ್ನು ಹೇಗೆ ನೆನೆಯುತ್ತೇವೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಕೊಡಗಿನ ಸೇನಾನಿಯ ಚಿತ್ರ ಸೈಪ್ರಸ್ ಅಂಚೆಚೀಟಿಯ ಮೇಲೆ ಹೇಗೆ ಬಂತು ಅನ್ನುವುದು ಒಂದು. ಅವರು ತೀರಿಕೊಂಡ ಮೇಲೆ ನಮ್ಮವರು ಏನು ಮಾಡಿದರು ಅನ್ನುವುದು ಇನ್ನೊಂದು. ನಾನೂ ಕೊಡಗಿನವನೇ. ಹಾಗಾಗಿ ಸ್ವಲ್ಪ ಪಕ್ಷಪಾತ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಂಚೆಚೀಟಿಗೆ ಕಾರಣ, ಅವರು ತೀರಿಕೊಂಡದ್ದೇ ಸೈಪ್ರಸ್‌ನಲ್ಲಿ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ 1961ರಲ್ಲಿ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದರು. ಆಮೇಲೆ ಊರಲ್ಲಿ ಆರಾಮವಾಗಿ ಇರಬಹುದಿತ್ತು. ಆದರೆ ಸೈಪ್ರಸ್‌ನಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ ಶುರುವಾಗಿತ್ತು. 1964ರಲ್ಲಿ ಅಲ್ಲಿನ ವಿಶ್ವಸಂಸ್ಥೆ ಶಾಂತಿಪಡೆಯ ಮುಖ್ಯಸ್ಥರಾಗಿ ಹೋದರು. ಎರಡು ಕಡೆಯವರೂ ಅನುಮಾನದಿಂದ ನೋಡುವ ಕೆಲಸ ಅದು. 1965ರ ಡಿಸೆಂಬರ್ 18ರಂದು, ಕೆಲಸದಲ್ಲಿರುವಾಗಲೇ, ಹೃದಯಾಘಾತದಿಂದ ತೀರಿಕೊಂಡರು. ಆಗ 59 ವರ್ಷ. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದರು. ಮುಂದಿನ ವರ್ಷವೇ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಅಲ್ಲಿನ ಲಾರ್ನಾಕಾ ನಗರದಲ್ಲಿ ಅವರ ಹೆಸರಿನ ರಸ್ತೆಯೂ ಇದೆ.

ಬೆಂಗಳೂರಲ್ಲೂ ಇದೆ ಅನ್ನಿ. ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯ ರಸ್ತೆ ಅಂತಲೇ ಹೆಸರಿಟ್ಟಿದ್ದಾರೆ. ಆದರೆ ಆಟೋದವರಿಗೆ ಹಾಗೆ ಹೇಳಿ ನೋಡಿ!

ನಮ್ಮಲ್ಲಿ ಅವರ ಮಾತು ಬಂದರೆ ಸಾಕು, ಎಲ್ಲರೂ 1959ರ ರಾಜೀನಾಮೆಗೇ ಹೋಗುತ್ತಾರೆ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಸರಿಬರಲಿಲ್ಲ, ರಾಜೀನಾಮೆ ಕೊಟ್ಟರು. ನೆಹರೂ ಒಪ್ಪಿಸಿ ವಾಪಸ್ ತೆಗೆಸಿದರು, ಆಮೇಲೆ ಸಂಸತ್ತಿನಲ್ಲಿ ಅವರ ನಡೆಯನ್ನೇ ಟೀಕಿಸಿದರು. 1962ರಲ್ಲಿ ಚೀನಾ ಎದುರು ಸೋತ ನಂತರ ಈ ಕಥೆಗೆ ಇನ್ನೂ ಬೆಲೆ ಬಂತು. ಕಥೆ ನಿಜ. ಆದರೆ ನೆಹರೂ ಪರ, ನೆಹರೂ ವಿರೋಧ ಅಂತ ಜಗಳವಾಡುವವರ ಕೈಯಲ್ಲಿ ತಿಮ್ಮಯ್ಯನವರು ಸುಮ್ನೆ ಒಂದು ದಾಳ ಆಗಿಬಿಟ್ಟಿದ್ದಾರೆ. ನನಗೆ ಅದು ಬೇಸರ.

ನನ್ನನ್ನು ಕೇಳಿದರೆ, ನೆನೆಯಬೇಕಾದದ್ದು ಕಾಶ್ಮೀರದ ಜೋಜಿಲಾ ಕಣಿವೆಯ ಕಾಳಗ. 1948ರಲ್ಲಿ ಲೇಹ್‌ಗೆ ಹೋಗುವ ದಾರಿಯನ್ನು ಪಾಕಿಸ್ತಾನದ ಕಡೆಯವರು ಆ ಕಣಿವೆಯಲ್ಲಿ ಕಟ್ಟಿಹಾಕಿದ್ದರು. ಕಾಲಾಳುಗಳ ದಾಳಿ ಫಲಿಸಲಿಲ್ಲ. ಆಗ ಟ್ಯಾಂಕ್ ಹತ್ತಿಸೋಣ ಅಂತ ತೀರ್ಮಾನವಾಯಿತು. ಎತ್ತರ ಸುಮಾರು 11,500 ಅಡಿ! ಸ್ಟುವರ್ಟ್ ಟ್ಯಾಂಕ್‌ಗಳ ಮೇಲಿನ ತೋಪಿನ ಭಾಗ ಬಿಚ್ಚಿ, ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಕೊಂಡು ಜಮ್ಮುವಿನಿಂದ ಸಾಗಿಸಿದರು. ಹೇಸರಗತ್ತೆ ನಡೆಯುವ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಬೆಂಗಳೂರಿನ ಹಲಸೂರಿನ ಪಡೆ. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕ್‌ಗಳು ನುಗ್ಗಿದವು. ಆಗ ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ತಾವೇ ಮುಂದಿನ ಟ್ಯಾಂಕ್‌ನಲ್ಲಿ ಕೂತಿದ್ದರು. ಒಂದು ಡಿವಿಷನ್ನಿನ ಮುಖ್ಯಸ್ಥರು ಅಲ್ಲಿ ಇರಬೇಕಾದ ಅಗತ್ಯವೇ ಇರಲಿಲ್ಲ, ಅಲ್ವಾ? ಎದುರಿನವರು ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರುತ್ತದೆ ಅಂತ ಅಂದುಕೊಂಡೇ ಇರಲಿಲ್ಲ. ದಾರಿ ತೆರೆಯಿತು.

ಕೊರಿಯಾದ ಕೆಲಸವೂ ಕಡಿಮೆಯದಲ್ಲ. ಯುದ್ಧ ನಿಂತ ಮೇಲೆ ಸುಮಾರು 22,000 ಸೆರೆಯಾಳುಗಳು ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂತ ಕೂತಿದ್ದರು. ಅವರ ವಿಷಯ ನೋಡಿಕೊಳ್ಳುವ ತಟಸ್ಥ ದೇಶಗಳ ಆಯೋಗಕ್ಕೆ ಇವರೇ ಅಧ್ಯಕ್ಷರು. ಸೈಪ್ರಸ್‌ಗೆ ಇವರನ್ನೇ ಆರಿಸಿದ್ದಕ್ಕೆ ಈ ಅನುಭವವೂ ಒಂದು ಕಾರಣ ಇರಬೇಕು ಅಂತ ನನ್ನ ಊಹೆ.

ಮಡಿಕೇರಿಗೆ ಬಂದರೆ ಅವರು ಬೆಳೆದ ಮನೆ 'ಸನ್ನಿ ಸೈಡ್' ನೋಡಿ. ಬಹಳ ಕಾಲ ಅದು ಆರ್‌ಟಿಒ ಕಚೇರಿಯಾಗಿತ್ತು! ನಮ್ಮ ಕಡೆ ಎಷ್ಟೋ ಜನ ಲೈಸೆನ್ಸ್‌ಗೆ ಅಲ್ಲೇ ಸಾಲು ನಿಂತವರು, ಅದು ಯಾರ ಮನೆ ಅಂತ ಯೋಚಿಸದೆ. ಕೊನೆಗೆ ಅದನ್ನು ಮ್ಯೂಸಿಯಂ ಮಾಡಿ, 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ತಿಮ್ಮಯ್ಯನವರು ತೀರಿಕೊಂಡು 55 ವರ್ಷ ಆದ ಮೇಲೆ. ತಡ ಆಯಿತು, ನಿಜ. ಆದರೂ ನೋಡುವ ಹಾಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಅವರ ಹುಟ್ಟುಹಬ್ಬ ಮಾರ್ಚ್ 31ಕ್ಕೆ, ಮಡಿಕೇರಿಯಲ್ಲಿ ಕಾರ್ಯಕ್ರಮ ಇರುತ್ತದೆ. ಆಗ ಬಂದರೆ ಇನ್ನೂ ಒಳ್ಳೆಯದು, ಮಳೆಯ ಕಾಟ ಇರಲ್ಲ.