ಕಾಲೇಜು ತಂಡಗಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆಯಾದ ಐಸಿಪಿಸಿಗೆ ಮೊದಲ ಸಲ ತಂಡ ಕಟ್ಟುತ್ತಿದ್ದೇವೆ. ನಿಯಮ ಏನು, ಮೂರು ತಿಂಗಳಲ್ಲಿ ತಯಾರಿ ಹೇಗೆ?

ಮೂವರೂ ಎರಡನೇ ವರ್ಷದ ಇಂಜಿನಿಯರಿಂಗ್, ಮೂವರಿಗೂ ಸಿ ಪ್ಲಸ್ ಪ್ಲಸ್ ಚೆನ್ನಾಗಿ ಬರುತ್ತದೆ ಎಂದು ಬರೆದಿದ್ದೀರಿ. ಒಳ್ಳೆಯದೇ. ಆದರೆ ಕೀಬೋರ್ಡ್ ಒಂದೇ ಇರುತ್ತದೆ. ಮೂವರು, ಒಂದು ಕಂಪ್ಯೂಟರ್, ಐದು ಗಂಟೆ, ಸುಮಾರು ಹತ್ತರಿಂದ ಹದಿಮೂರು ಪ್ರಶ್ನೆ. ಉಳಿದ ನಿಯಮಗಳನ್ನು ಓದುವ ಮೊದಲು ಇದನ್ನು ತಲೆಯಲ್ಲಿಟ್ಟುಕೊಳ್ಳಿ, ತಯಾರಿಯೆಲ್ಲ ಇದರ ಸುತ್ತಲೇ ನಡೆಯಬೇಕು.

ನಮ್ಮ ದೇಶದಲ್ಲಿ ಮೊದಲು ಆನ್‌ಲೈನ್ ಸುತ್ತು, ಅದರಲ್ಲಿ ಆಯ್ಕೆಯಾದವರಿಗೆ ಕೇರಳದ ಅಮೃತಪುರಿ, ಕಾನ್ಪುರದಂಥ ಕಡೆ ಪ್ರಾಂತೀಯ ಸುತ್ತು. ತಂಡ ಒಂದೇ ಕಾಲೇಜಿನದಾಗಿರಬೇಕು, ನೋಂದಣಿಗೆ ಕೋಚ್ ಒಬ್ಬರ ಹೆಸರು ಬೇಕು. ಕೊನೆಯ ದಿನ ಮೇಷ್ಟರನ್ನು ಹುಡುಕಿಕೊಂಡು ಓಡಬೇಡಿ, ಈಗಲೇ ಒಬ್ಬರನ್ನು ಒಪ್ಪಿಸಿಡಿ. ಆನ್‌ಲೈನ್ ಸುತ್ತಿನ ಕೋಡ್‌ಗಳನ್ನು ಒಂದಕ್ಕೊಂದು ಹೋಲಿಸಿ ನೋಡುತ್ತಾರೆ. ಪಕ್ಕದ ತಂಡಕ್ಕೆ ಕೋಡ್ ಕೊಟ್ಟವರೂ ಪಡೆದವರಷ್ಟೇ ಸುಲಭವಾಗಿ ಹೊರಬೀಳುತ್ತಾರೆ.

ಶ್ರೇಯಾಂಕದ ಲೆಕ್ಕ ಹೀಗೆ. ಹೆಚ್ಚು ಪ್ರಶ್ನೆ ಬಿಡಿಸಿದವರು ಮುಂದೆ. ಸಮ ಬಂದರೆ ದಂಡದ ನಿಮಿಷ ಕಡಿಮೆ ಇರುವವರು ಮುಂದೆ. ಸ್ಪರ್ಧೆ ಶುರುವಾದ 40ನೇ ನಿಮಿಷಕ್ಕೆ ಒಂದು ಪ್ರಶ್ನೆ ಸರಿಯಾಯಿತು, ಅದಕ್ಕೂ ಮೊದಲು ಎರಡು ಸಲ ತಪ್ಪು ಕಳಿಸಿದ್ದಿರಿ ಅನ್ನಿ: 40 ಜೊತೆಗೆ ತಪ್ಪೊಂದಕ್ಕೆ 20ರಂತೆ 40, ಒಟ್ಟು 80 ನಿಮಿಷ. ಬಿಡಿಸಲಾಗದೆ ಉಳಿದ ಪ್ರಶ್ನೆಗೆ ಎಷ್ಟು ತಪ್ಪು ಕಳಿಸಿದ್ದರೂ ದಂಡವಿಲ್ಲ. ಅರ್ಧ ಅಂಕ, ಕಾಲು ಅಂಕ ಎಂಬುದೂ ಇಲ್ಲ: ನಿಮ್ಮ ಕೋಡನ್ನು ಓಡಿಸಿ ನೋಡುವ ನೂರು ಪರೀಕ್ಷಾ ಇನ್‌ಪುಟ್‌ಗಳಲ್ಲಿ 99 ದಾಟಿದರೂ ಸೊನ್ನೆಯೇ. ಸಮಯ ಕೂಡುತ್ತಾ ಹೋಗುವುದರಿಂದ ಸುಲಭದ್ದನ್ನು ಮೊದಲು ಮುಗಿಸಬೇಕು. 15ನೇ ನಿಮಿಷದಲ್ಲಿ ಆಗಬಹುದಾಗಿದ್ದನ್ನು 150ನೇ ನಿಮಿಷಕ್ಕೆ ತಳ್ಳಿದರೆ 135 ನಿಮಿಷ ಸುಮ್ಮನೆ ಹೋಯಿತು.

ಮೊದಲ ಹದಿನೈದು ನಿಮಿಷ ಪ್ರಶ್ನೆಪತ್ರಿಕೆಯನ್ನು ಮೂರು ಭಾಗ ಮಾಡಿ ಒಬ್ಬೊಬ್ಬರು ಒಂದೊಂದು ಓದಿ. ಸುಲಭದ್ದು ಮೊದಲು ಇರುತ್ತದೆ ಎಂಬ ಖಾತ್ರಿ ಇಲ್ಲ. ಓದುವಾಗ ಕಥೆಗಿಂತ ಮೊದಲು ಇನ್‌ಪುಟ್ ಗಾತ್ರದ ಮಿತಿಗಳನ್ನು ನೋಡಿ, ಯಾವ ದಾರಿ ಹಿಡಿಯಬೇಕೆಂದು ಅರ್ಧ ಉತ್ತರ ಅಲ್ಲೇ ಇರುತ್ತದೆ. ಸೆಕೆಂಡಿಗೆ ಸುಮಾರು 10 ಕೋಟಿ ಸರಳ ಲೆಕ್ಕ ಎಂದು ಇಟ್ಟುಕೊಳ್ಳಿ. ಎನ್, ಅಂದರೆ ಇನ್‌ಪುಟ್‌ನ ಗಾತ್ರ, 2 ಲಕ್ಷ ಇದ್ದರೆ ಲೂಪಿನೊಳಗೆ ಲೂಪು 4000 ಕೋಟಿ ಆಗುತ್ತದೆ, ಆ ಆಸೆ ಬಿಡಿ. ವಿಂಗಡಿಸಿ, ಪ್ರತಿ ಹೆಜ್ಜೆಗೂ ಅರ್ಧ ಬಿಟ್ಟು ಹುಡುಕುವ ಬೈನರಿ ಸರ್ಚ್ ಮಾಡಿದರೆ 2 ಲಕ್ಷ ಗುಣಿಸು 18, ಅಂದರೆ 36 ಲಕ್ಷ. ಎನ್ 500 ಎಂದಿದ್ದರೆ ಮೂರು ಲೂಪು 12.5 ಕೋಟಿ, ನಡೆಯುತ್ತದೆ. ಎನ್ 20 ಎಂದು ಕಂಡರೆ ಎಲ್ಲ ಉಪಗಣಗಳನ್ನೂ ಹಾಯ್ದು ನೋಡಿ ಎಂದೇ ಅರ್ಥ, ಅವು ಹತ್ತೂವರೆ ಲಕ್ಷದ ಹತ್ತಿರ.

ಕೀಬೋರ್ಡ್ ಮುಂದೆ ಕೂತು ಯೋಚಿಸುವುದನ್ನು ನಿಲ್ಲಿಸಿ. ತಂಡಗಳು ಸೋಲುವುದು ಹೆಚ್ಚಾಗಿ ಇಲ್ಲೇ, ಆಲ್ಗರಿದಮ್ ಗೊತ್ತಿಲ್ಲದೆ ಅಲ್ಲ. ಹಾಳೆಯ ಮೇಲೆ ಪೂರ್ತಿ ಬರೆದು, ಮಾದರಿ ಇನ್‌ಪುಟ್ ಅನ್ನು ಕೈಯಲ್ಲೇ ಓಡಿಸಿ, ಆಮೇಲೆ ಟೈಪಿಗೆ ಕೂರಬೇಕು. ಉತ್ತರ ತಪ್ಪು ಎಂದು ಬಂದರೆ ಕೋಡ್ ಪ್ರಿಂಟ್ ಕೊಟ್ಟು ಎದ್ದುಬಿಡಿ. ದೋಷವನ್ನು ಕಾಗದದಲ್ಲಿ ಹುಡುಕಿ, ಅಷ್ಟರಲ್ಲಿ ಇನ್ನೊಬ್ಬರು ಕೂರಲಿ. ಅದೇ ಕೋಡನ್ನು ಒಂದು ಅಕ್ಷರ ಬದಲಿಸಿ ಮತ್ತೆ ಮತ್ತೆ ಕಳಿಸುವ ಚಟ ಇದ್ದರೆ ಅಭ್ಯಾಸದಲ್ಲೇ ಬಿಡಿಸಿಕೊಳ್ಳಿ.

ಹೊಸಬರ ತಪ್ಪುಗಳು ಬೇರೆಬೇರೆ ಎನಿಸಿದರೂ ಮೂರುನಾಲ್ಕೇ. ಸಿ ಪ್ಲಸ್ ಪ್ಲಸ್‌ನ ಸಾಮಾನ್ಯ ಪೂರ್ಣಾಂಕ ಬಗೆಯಾದ ಇಂಟ್ ಹಿಡಿಯುವುದು ಸುಮಾರು 214 ಕೋಟಿವರೆಗೆ. ಒಂದು ಲಕ್ಷವನ್ನು ಒಂದು ಲಕ್ಷದಿಂದ ಗುಣಿಸಿದರೇ 1000 ಕೋಟಿ, ಸಂಖ್ಯೆ ಉಕ್ಕಿ ಅಸಂಬದ್ಧವಾಗುತ್ತದೆ. ಮಾದರಿ ಇನ್‌ಪುಟ್‌ನಲ್ಲಿ ಇದು ಕಾಣುವುದೇ ಇಲ್ಲ. ಅನುಮಾನ ಬಂದಲ್ಲೆಲ್ಲ ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಲಾಂಗ್ ಹಾಕಿ. ಗುಣಾಕಾರ ಇಂಟ್‌ನಲ್ಲೇ ಮಾಡಿ ಫಲವನ್ನು ಮಾತ್ರ ಲಾಂಗ್ ಲಾಂಗ್‌ನಲ್ಲಿಟ್ಟರೆ ಪ್ರಯೋಜನವಿಲ್ಲ. ಎರಡನೆಯದು, ಹಲವು ಟೆಸ್ಟ್ ಕೇಸ್ ಇರುವಲ್ಲಿ ಹಿಂದಿನ ಕೇಸಿನ ಅರೇ (ಸಂಖ್ಯೆಗಳ ಸಾಲು) ಅಳಿಸದೆ ಮುಂದೆ ಹೋಗುವುದು. ಅಳಿಸುವಾಗಲೂ ಎಚ್ಚರ: 10 ಸಾವಿರ ಕೇಸು ಇದ್ದು ಪ್ರತಿ ಸಲ 2 ಲಕ್ಷದ ಅರೇ ಪೂರ್ತಿ ತೊಳೆದರೆ 200 ಕೋಟಿ ಕೆಲಸ. ಬಳಸಿದಷ್ಟನ್ನೇ ಅಳಿಸಿ. ಮೂರನೆಯದು, ಸಾಲು ಮುಗಿಸಲು ಪ್ರತಿ ಸಾಲಿಗೂ ಎಂಡ್‌ಎಲ್ ಬಳಸುವುದು. ಅದು ಪ್ರತಿ ಸಲವೂ ಬಫರ್, ಅಂದರೆ ಔಟ್‌ಪುಟ್ ತಾತ್ಕಾಲಿಕವಾಗಿ ಕೂಡಿಡುವ ಜಾಗ, ಖಾಲಿ ಮಾಡುತ್ತದೆ, ಲಕ್ಷಾಂತರ ಸಾಲಿನ ಔಟ್‌ಪುಟ್ ಇರುವಲ್ಲಿ ಅದೊಂದೇ ಸಮಯ ಮೀರಿಸಬಲ್ಲದು. ಪೈಥಾನ್ ನೆಚ್ಚಿಕೊಂಡವರಿಗೆ ಬೇರೆ ತಲೆನೋವು, ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಸಾಮಾನ್ಯವಾಗಿ 1000 ಆಳಕ್ಕೇ ನಿಲ್ಲುತ್ತದೆ.

ಫೋನ್, ಇಂಟರ್ನೆಟ್ ಒಳಗಿಲ್ಲ. ಮುದ್ರಿಸಿದ ನೋಟ್ಸ್ ತರಬಹುದು, ವಿಶ್ವ ಫೈನಲ್‌ನಲ್ಲಿ ಅದರ ಮಿತಿ 25 ಪುಟ, ಒಂದೇ ಮಗ್ಗಲು. ನಿಮ್ಮ ಸುತ್ತಿನ ಮಿತಿಯನ್ನು ಸೂಚನಾಪತ್ರದಲ್ಲಿ ನೋಡಿಕೊಳ್ಳಿ. ಸೆಗ್ಮೆಂಟ್ ಟ್ರೀ, ಡೈಕ್‌ಸ್ಟ್ರಾ, ಫ್ಲೋ, ಸ್ಟ್ರಿಂಗ್ ಹ್ಯಾಶ್, ಮಾಡ್ಯುಲರ್ ವಿಲೋಮ, ರೇಖಾಗಣಿತದ ಒಂದೆರಡು ಸೂತ್ರ, ಹೀಗೆ ಮತ್ತೆ ಮತ್ತೆ ಬೇಕಾಗುವ ವಿಧಾನಗಳ ಕೋಡ್ ಇದ್ದರೆ ಆರಂಭಕ್ಕೆ ಸಾಕು. ಬೇರೆಯವರ ನೋಟ್‌ಬುಕ್ ಡೌನ್‌ಲೋಡ್ ಮಾಡಿ ತರುವುದು ನನಗೆ ಹಿಡಿಸದು. ಸೂಚ್ಯಂಕ ಸೊನ್ನೆಯಿಂದಲೋ ಒಂದರಿಂದಲೋ ಎಂದು ಪರೀಕ್ಷೆಯ ನಡುವೆ ತಿಳಿಯುವುದಿಲ್ಲ. ನೀವೇ ಬರೆದು, ಕನಿಷ್ಠ ಒಂದು ಪ್ರಶ್ನೆಯಲ್ಲಿ ಓಡಿಸಿ ಸರಿ ಎಂದು ಬಂದ ಕೋಡನ್ನೇ ಹಾಕಿ. ಟೈಪ್ ಮಾಡುವುದೂ ಕಾಗದ ನೋಡಿಕೊಂಡೇ ಆದ್ದರಿಂದ ಸಣ್ಣದಾಗಿರಲಿ.

ಇನ್ನು ಮೂರು ತಿಂಗಳು. ವಾರಕ್ಕೊಮ್ಮೆ, ಹಳೆಯ ಪ್ರಾಂತೀಯ ಸುತ್ತಿನ ಒಂದು ಪ್ರಶ್ನೆಪತ್ರಿಕೆ ಹಿಡಿದು, ಒಂದೇ ಲ್ಯಾಪ್‌ಟಾಪ್‌ನಲ್ಲಿ, ಐದು ಗಂಟೆ ಪೂರ್ತಿ ಕೂರಿ. ಕೋಡ್‌ಫೋರ್ಸಸ್ ಜಿಮ್‌ನಲ್ಲಿ (ಕೋಡಿಂಗ್ ಸ್ಪರ್ಧೆಗಳ ಜಾಲತಾಣದ ಅಭ್ಯಾಸ ವಿಭಾಗ) ಇಂಥವು ಬೇಕಾದಷ್ಟಿವೆ. ಮರುದಿನ ಬಿಡಿಸಲಾಗದ್ದರಲ್ಲಿ ಸುಲಭದ ಎರಡನ್ನು ಮುಗಿಸಿ. ಈ ಮರುದಿನವನ್ನು ಬಿಟ್ಟರೆ ಅಭ್ಯಾಸದಿಂದ ಬರೀ ಸುಸ್ತು. ಉಳಿದ ದಿನ ವಿಷಯ ಹಂಚಿಕೊಳ್ಳಿ: ಗ್ರಾಫ್ ಒಬ್ಬರಿಗೆ, ಗಣಿತ ಒಬ್ಬರಿಗೆ, ಡೇಟಾ ಸ್ಟ್ರಕ್ಚರ್ ಒಬ್ಬರಿಗೆ. ಡಿಪಿ (ಡೈನಾಮಿಕ್ ಪ್ರೋಗ್ರಾಮಿಂಗ್, ಸಣ್ಣ ಉಪಪ್ರಶ್ನೆಗಳ ಉತ್ತರ ಉಳಿಸಿಕೊಂಡು ದೊಡ್ಡದನ್ನು ಬಿಡಿಸುವುದು) ಮಾತ್ರ ಮೂವರಿಗೂ ಬರಲೇಬೇಕು.

ಕೊನೆಯ ಒಂದು ಗಂಟೆ ಅಂಕಪಟ್ಟಿ ಸ್ಥಗಿತವಾಗುತ್ತದೆ, ಉಳಿದವರು ಏನು ಬಿಡಿಸುತ್ತಿದ್ದಾರೆಂದು ತಿಳಿಯುವುದಿಲ್ಲ. ಆದ್ದರಿಂದ ನಾಲ್ಕನೇ ಗಂಟೆ ಮುಗಿಯುವ ಮೊದಲು ಒಮ್ಮೆ ಪಟ್ಟಿ ನೋಡಿ, ಹೆಚ್ಚು ತಂಡಗಳು ಬಿಡಿಸಿದ, ನಿಮಗೆ ಉಳಿದಿರುವ ಪ್ರಶ್ನೆ ಯಾವುದೆಂದು ಬರೆದಿಟ್ಟುಕೊಳ್ಳಿ. ಆ ಗಂಟೆಯಲ್ಲಿ ಮೂವರೂ ಅದರ ಮೇಲೇ ಬೀಳಿ. ಹೊಸ ಕಷ್ಟದ ಪ್ರಶ್ನೆ ತೆರೆಯುವ ಹೊತ್ತಲ್ಲ ಅದು.