ಟೋರ್ಟಿಯಾ ಯಾಕೆ ಹರಿಯಿತು?

ಪತ್ರ: ಪೇಟೆಯಿಂದ ಗೋವಿನಜೋಳದ ಹಿಟ್ಟು ತಂದು, ಎಸರಿಟ್ಟು ನಾದಿ ಮೆಕ್ಸಿಕೋದ ಟೋರ್ಟಿಯಾ ಬಡಿದೆ. ಅಂಚೆಲ್ಲ ಸೀಳಿತು, ಹಂಚಿಗೆ ಹಾಕುವಾಗ ಹರಿಯಿತು. ಬಿಳಿಜೋಳದ ರೊಟ್ಟಿ ಇರುವಾಗ ಪರದೇಶದ ಅಡುಗೆಯ ಉಸಾಬರಿ ನಿಮ್ಮ ಪತ್ರಿಕೆಗೇಕೆ?
– ಓದುಗರೊಬ್ಬರು, ಜಮಖಂಡಿ

ಉತ್ತರ: ರೊಟ್ಟಿಯ ಮೇಲಿನ ನಿಮ್ಮ ಅಭಿಮಾನ ದೊಡ್ಡದು, ಒಪ್ಪಿದೆವು. ಆದರೆ ಅದಕ್ಕೆ ಹಚ್ಚಿಕೊಳ್ಳುವ ಚಟ್ನಿಯ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಜೋಳದ ತವರು ಆಫ್ರಿಕಾ. ಪರದೇಶದ್ದನ್ನೆಲ್ಲ ಎತ್ತಿಟ್ಟರೆ ನಿಮ್ಮ ತಾಟಿನಲ್ಲಿ ಉಳಿಯುವುದು ಖಾರವಿಲ್ಲದ ಬದನೆಕಾಯಿ.

ಇನ್ನು ಹರಿದ ಕಾರಣ. ಮೆಕ್ಸಿಕೋದ ಪದ್ಧತಿಯಲ್ಲಿ ಒಣ ಕಾಳನ್ನು ಹಾಗೇ ಬೀಸುವುದಿಲ್ಲ, ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ಹಸಿಯಾಗಿ ರುಬ್ಬುತ್ತಾರೆ. 1 ಕಿಲೋ ಕಾಳಿಗೆ 3 ಲೀಟರ್ ನೀರು, 10 ಗ್ರಾಂ ಸುಣ್ಣದ ಪುಡಿ. ಎಲೆಗೆ ಹಚ್ಚುವ ಹಸಿ ಸುಣ್ಣವಾದರೆ ಹೆಚ್ಚುಕಡಿಮೆ ಇಮ್ಮಡಿ. ಗೋಡೆಗೆ ಬಳಿಯುವುದು ಬೇಡ, ಔಷಧ ಹಚ್ಚಿದ ಬಿತ್ತನೆ ಬೀಜವಂತೂ ಬೇಡವೇ ಬೇಡ. ಅಲ್ಯುಮಿನಿಯಂ ಪಾತ್ರೆಯನ್ನು ಸುಣ್ಣ ತಿಂದುಬಿಡುತ್ತದೆ, ಸ್ಟೀಲಿನದು ಇಡಿ. ಸಣ್ಣ ಉರಿಯಲ್ಲಿ ಅರ್ಧದಿಂದ ಮುಕ್ಕಾಲು ತಾಸು. ಒಂದು ಕಾಳು ತೆಗೆದು ಬೆರಳಲ್ಲಿ ತಿಕ್ಕಿ: ಸಿಪ್ಪೆ ಜಾರಬೇಕು, ಕಚ್ಚಿದರೆ ನಡುವೆ ಇನ್ನೂ ಗಟ್ಟಿ ಇರಬೇಕು. ಪೂರಾ ಬೆಂದರೆ ಹಿಟ್ಟು ಅಂಟಂಟಾಗಿ ಕೈ ಬಿಡುವುದಿಲ್ಲ. ರಾತ್ರಿಯೆಲ್ಲ ಅದೇ ನೀರಲ್ಲಿ ಬಿಟ್ಟು, ಬೆಳಿಗ್ಗೆ ಎರಡು-ಮೂರು ಸಲ ತೊಳೆದು, ನೀರು ಹಿಡಿದು ಹಾಕಿ ನುಣ್ಣಗೆ ರುಬ್ಬಿ. ಸುಣ್ಣ ಸಿಪ್ಪೆಯನ್ನು ಕರಗಿಸುತ್ತದೆ, ಆ ಅಂಟೇ ಹಿಟ್ಟಿಗೆ ಜಿಗಿ. ಬಿಳಿಜೋಳಕ್ಕೆ ಎಸರಿನ ಜಿಗಿ ಸಾಕು, ಇಷ್ಟು ತೆಳ್ಳಗಿನ ಟೋರ್ಟಿಯಾಕ್ಕೆ ಸಾಲದು. (ಪಂಜಾಬಿನವರು ಗೋವಿನಜೋಳದ ರೊಟ್ಟಿಯನ್ನು ಬರೀ ಹಿಟ್ಟಿನಲ್ಲೇ ಮಾಡುತ್ತಾರಲ್ಲ ಅನ್ನಬೇಡಿ. ಅವರದು ದಪ್ಪ.) ಇಷ್ಟಾದ ಮೇಲೂ ಅಂಚು ಸೀಳಿದರೆ ನೀರು ಕಮ್ಮಿಯಾಗಿದೆ, ಕೈ ತೋಯಿಸಿಕೊಂಡು ಮತ್ತೆ ನಾದಿ.

ಕಾಳು ಒಯ್ದು ಸುಣ್ಣ ಬಿಟ್ಟ ಯುರೋಪು ಇದಕ್ಕಿಂತ ದೊಡ್ಡ ದಂಡ ತೆತ್ತಿತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಬಡ ರೈತರ ಮೈಮೇಲೆ ಗುರುತಿಸಿದ ರೋಗವೇ ಪೆಲಾಗ್ರಾ. ಗೋವಿನಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಸುಣ್ಣ ತಾಗದೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೊರತೆ ಅದರದ್ದೇ ಎಂದು ಖಚಿತವಾಗಲು 1937 ಬರಬೇಕಾಯಿತು.

ಈಗಿನ ರೆಸಿಪಿಗಳದೂ ಅದೇ ಚಾಳಿ: ಫೋಟೋಗೆ ಅರ್ಧ ಪುಟ, ನೆನೆಸುವ ವೇಳೆ ನಾಪತ್ತೆ. ನಾಳೆ ನಮ್ಮ ರೊಟ್ಟಿಯನ್ನೂ ‘ಹಿಟ್ಟು, ನೀರು’ ಎಂದು ಎರಡು ಸಾಲಲ್ಲಿ ಮುಗಿಸುತ್ತಾರೆ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಎಸರು ಕುದಿಯದಿದ್ದರೆ ಎಷ್ಟು ನಾದಿದರೂ ಸೀಳುತ್ತದೆ ಎಂದು ಬರೆಯುವವರಾರು? ಅಭಿಮಾನ ಇರುವ ನೀವೇ ಬರೆಯಿರಿ, ಅಳತೆ ಸಮೇತ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಬಿಟ್ಟಿರುತ್ತೇವೆ. ಫೋಟೋ ಬೇಡ.